ಸೀಲ್ ಒಡೆಯದ ಲ್ಯಾಪ್‌ಟಾಪು

ನಮ್ಮ ಭಾವನ ಬಗ್ಗೆ ಹೇಳುವ ಮೊದಲು ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಅವರು ಸುಳ್ಳು ಹೇಳುವವರಲ್ಲ. ಈ ಕಥೆಯಲ್ಲಿ ನಡೆದ ಫಜೀತಿಗೆಲ್ಲ ಅವರು ನಿಜ ಹೇಳಿದ್ದೇ ಕಾರಣ. ಸುಳ್ಳು ಹೇಳಿದ್ದರೆ ಎರಡೇ ದಿನದಲ್ಲಿ ಸಿಕ್ಕಿಬಿದ್ದಿರುತ್ತಿದ್ದರು, ನಾವೂ ನೆಮ್ಮದಿಯಾಗಿ ಇರುತ್ತಿದ್ದೆವು.

ಭಾವ ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಹೊರಗಿನಿಂದ ಬರುವ ಪ್ರತಿ ಪೆಟ್ಟಿಗೆಯನ್ನೂ ಬಾಗಿಲಲ್ಲೇ ತಡೆದು, ತೂಗಿ, ಮೂಲೆಗಳನ್ನು ಸವರಿ, ಸೀಲ್ ನೋಡಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ಮೊಹರು ಒತ್ತುವುದು ಅವರ ಕೆಲಸ. ಬಿಚ್ಚುವುದು ಅವರ ಕೆಲಸವಲ್ಲ. ಅದು ಸಾಮಾನು ತರಿಸಿಕೊಂಡ ವಿಭಾಗದವರ ಹಕ್ಕು. ಸ್ಟೋರ್ಸ್‌ನವನು ಸೀಲ್ ಒಡೆದರೆ ಅವನ ನೌಕರಿಗೇ ಕುತ್ತು. ಹೀಗಾಗಿ ಸಾವಿರಾರು ಪೆಟ್ಟಿಗೆಗಳಿಗೆ ಸರಿಯಿದೆ ಎಂದು ಬರೆದುಕೊಟ್ಟ ನಮ್ಮ ಭಾವ ಒಂದೇ ಒಂದರ ಒಳಗೆ ಏನಿತ್ತು ಎಂದು ಕಣ್ಣಾರೆ ಕಂಡವರಲ್ಲ. ಆದರೂ ಅವರ ಒಂದು ಮೊಹರೂ ಇವತ್ತಿನವರೆಗೆ ತಪ್ಪಾಗಿಲ್ಲ. ಈ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಹಾಕುತ್ತಾರೆ.

ಅಕ್ಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಅದು ಅವಳ ಸಂಬಳದ ಕೆಲಸ. ಅವಳ ಪ್ರಾಣವೆಲ್ಲ ಇರುವುದು ಶಾಲೆಯ ಟೈಮ್‌ಟೇಬಲ್ ಮೇಲೆ. ಹನ್ನೆರಡು ತರಗತಿ, ಹದಿನಾಲ್ಕು ಮೇಷ್ಟರು, ಐದು ದಿನ, ದಿನಕ್ಕೆ ಆರು ಪೀರಿಯಡ್ಡು. ಯಾರೂ ಒಂದೇ ಹೊತ್ತಿಗೆ ಎರಡು ಕಡೆ ಇರಬಾರದು, ಯಾವ ತರಗತಿಯೂ ಖಾಲಿ ಕೂರಬಾರದು. ಹನ್ನೊಂದು ವರ್ಷದಿಂದ ಇದನ್ನು ಅವಳೇ ಹೊಂದಿಸುತ್ತಿದ್ದಾಳೆ. ಆದರೆ ಅವಳ ಹಳೆಯ ಲ್ಯಾಪ್‌ಟಾಪಿನ ಪರದೆ ಅಂಗೈಯಷ್ಟು. ಅದರಲ್ಲಿ ಸೋಮವಾರದಿಂದ ಬುಧವಾರ ಮಧ್ಯಾಹ್ನದವರೆಗೆ ಕಾಣುತ್ತಿತ್ತು. ಶುಕ್ರವಾರ ಬೇಕಾದರೆ ಸೋಮವಾರವನ್ನು ಬಿಡಬೇಕು. ಇದರ ಫಲವಾಗಿ ಕಳೆದ ವರ್ಷ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಚಿತ್ರಕಲೆಯ ಮೇಷ್ಟ್ರು ಎರಡು ತರಗತಿಗಳಿಗೆ ಬಿದ್ದರು. ಅವರು ಸಾಧು ಮನುಷ್ಯ. ವರ್ಷಪೂರ್ತಿ ಎರಡು ಬಾಗಿಲ ನಡುವೆ ಮೊಗಸಾಲೆಯಲ್ಲಿ ನಿಂತು ಎಡಗಡೆಯವರಿಗೆ ಮರ, ಬಲಗಡೆಯವರಿಗೆ ಹಕ್ಕಿ ಬರೆಸಿದರು.

ಹೆಡ್ ಮೇಡಂ ಈ ವರ್ಷ ಅಕ್ಕನನ್ನು ಕರೆದು ನೇರವಾಗಿಯೇ ಹೇಳಿದ್ದರು. “ಇನ್ನೊಂದು ತಪ್ಪಾದ್ರೆ ಟೈಮ್‌ಟೇಬಲ್ ಗಣಿತದ ಮೇಷ್ಟ್ರಿಗೆ ಕೊಡ್ತೀನಿ ಟೀಚರೇ. ಬೇಜಾರು ಮಾಡ್ಕೋಬೇಡಿ. ಶಾಲೆ ಶುರುವಾಗೋ ಮುಂಚಿನ ಶನಿವಾರ ಬೆಳಿಗ್ಗೆ ನನ್ನ ಕೈಲಿರ್ಬೇಕು.”

ಅಕ್ಕ ಅವತ್ತು ಊಟ ಮಾಡಲಿಲ್ಲ. ನಾನು ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿದ್ದೇನೆ, ಊಟ ಅಕ್ಕನ ಮನೆಯಲ್ಲಿ, ಕೆಲಸ ಕನ್ನಡಕದ ಅಂಗಡಿಯಲ್ಲಿ. ನನ್ನ ವೃತ್ತಿಧರ್ಮದಂತೆ “ಒಂದು ಕನ್ನಡಕ ಹಾಕ್ಕೊ ಅಕ್ಕ” ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಕನ್ನಡಕ ಬೇಡ ಎನ್ನುವವರು ಕೊನೆಗೆ ದೊಡ್ಡ ಪರದೆ ಕೊಳ್ಳುತ್ತಾರೆ ಎಂಬುದು ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಚಾರ. ಅಕ್ಕನೂ ಹಾಗೇ ಮಾಡಿದಳು.

ಅಕ್ಕ, ಭಾವ, ನಾನು ಮೂವರೂ ಲ್ಯಾಪ್‌ಟಾಪಿನ ಅಂಗಡಿಗೆ ಹೋದೆವು. ಪ್ರದರ್ಶನಕ್ಕೆ ಇಟ್ಟಿದ್ದ ಹದಿನೆಂಟು ಇಂಚಿನ ಬಿಸಿನೆಸ್ ಲ್ಯಾಪ್‌ಟಾಪನ್ನು ಮ್ಯಾನೇಜರು ನಮ್ಮ ಕಡೆ ತಿರುಗಿಸಿದರು. ಅಕ್ಕ ಒಂದು ಖಾಲಿ ಪಟ್ಟಿ ಹಾಕಿ ಐದು ದಿನಗಳ ಹೆಸರು ಬರೆದಳು. ಸೋಮವಾರದಿಂದ ಶುಕ್ರವಾರದವರೆಗೆ ಅಷ್ಟೂ ಒಟ್ಟಿಗೆ ಕಂಡಿತು. ಅವಳ ಕಣ್ಣಲ್ಲಿ ನೀರು ಬಂತು. ಹಳೆಯದನ್ನು ಅಲ್ಲೇ ಬದಲಿಗೆ ಕೊಟ್ಟು ಹೊಸದನ್ನು ಕಟ್ಟಿಸಿದೆವು.

ಅಷ್ಟರಲ್ಲಿ ಮ್ಯಾನೇಜರು ಬಾಯಿ ಬಿಟ್ಟರು. “ಹದಿನೈದು ದಿನ ಟೈಮ್ ಇದೆ ಮೇಡಂ. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ, ತಗೋತೀವಿ. ಸೀಲ್ ಮಾತ್ರ ಒಡೆದಿರ್ಬಾರ್ದು.”

“ಸೀಲ್ ಒಡೀದೆ ಬೇಡ ಅಂತ ಹೇಗ್ರೀ ಅನ್ಸುತ್ತೆ?” ಎಂದಳು ಅಕ್ಕ.

“ಕಂಪನಿ ರೂಲ್ಸ್ ಮೇಡಂ” ಎಂದು ಮ್ಯಾನೇಜರು ಮೇಲೆ ನೋಡಿದರು. ಈ ಪ್ರಶ್ನೆ ಅವರಿಗೆ ಹೊಸದಲ್ಲ.

ಭಾವ ಮಾತ್ರ ಗೌರವದಿಂದ ತಲೆದೂಗಿದರು. “ಸರಿಯಾದ ರೂಲ್ಸು” ಎಂದರು.

ಮನೆಗೆ ಬಂದ ಕೂಡಲೇ ಅಕ್ಕ ಚಾಕು ತಂದಳು. ಭಾವ ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಮುಚ್ಚಿಕೊಂಡು ನಿಂತರು.

“ಪರೀಕ್ಷೆ ಆಗದೆ ಬಿಚ್ಚೋ ಹಾಗಿಲ್ಲ.”

“ಬಿಚ್ಚದೆ ಏನ್ರೀ ಪರೀಕ್ಷೆ ಮಾಡ್ತೀರಾ?”

“ಇಪ್ಪತ್ತೆರಡು ವರ್ಷದಿಂದ ನಾನು ಏನು ಮಾಡ್ತಿದ್ದೀನಿ ಅಂದ್ಕೊಂಡಿದ್ದೀಯ? ಇಷ್ಟು ದೊಡ್ಡ ಸಾಮಾನು. ಹದಿನೈದು ದಿನ ಅಂತ ಅವರೇ ಕೊಟ್ಟಿದ್ದಾರೆ. ನಾಳೆ ಹೆಚ್ಚುಕಮ್ಮಿ ಆಗಿ ವಾಪಸ್ ಕೊಡೋಣ ಅಂದ್ರೆ ಸೀಲ್ ಎಲ್ಲಿಂದ ತರ್ತೀಯ?”

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಈಗ ಹಟ ಮಾಡಿ ಬಿಚ್ಚಿದರೆ, ಮುಂದೆ ಆ ಯಂತ್ರ ಒಮ್ಮೆ ಕೆಮ್ಮಿದರೂ ‘ನಾನು ಅವತ್ತೇ ಹೇಳಿದ್ದೆ’ ಎಂಬ ಮಾತನ್ನು ಅವಳು ಜೀವಮಾನವಿಡೀ ಕೇಳಬೇಕು. ಹತ್ತೊಂಬತ್ತು ವರ್ಷದ ಸಂಸಾರ ಅವಳಿಗೆ ಅಷ್ಟು ಕಲಿಸಿತ್ತು. ಚಾಕು ಅಡುಗೆಮನೆಗೆ ವಾಪಸಾಯಿತು.

ಪರೀಕ್ಷೆ ಮರುದಿನದಿಂದ ಶುರುವಾಯಿತು. ಭಾವ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮೊದಲು ತಾವೊಬ್ಬರೇ ನಿಂತರು. ಆಮೇಲೆ ಪೆಟ್ಟಿಗೆ ಹಿಡಿದು ನಿಂತರು. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದರು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ತೂಕಕ್ಕಿಂತ ಮುನ್ನೂರು ಗ್ರಾಂ ಹೆಚ್ಚು ಬಂತು. ಮುಖ ಗಂಭೀರವಾಯಿತು. ನಡುವೆ ತಾವು ಚಹಾ ಕುಡಿದದ್ದು ನೆನಪಾಗಿ ಮತ್ತೆ ತೂಗಿದರು, ಸರಿಹೋಯಿತು. ಆಮೇಲೆ ಆರು ಬದಿ, ಹನ್ನೆರಡು ಅಂಚು, ಎಂಟು ಮೂಲೆ. ಬಾಣದ ಗುರುತು ಮೇಲೆ ನೋಡುತ್ತಿದೆಯೇ ಎಂದು ದಿನಕ್ಕೆ ಎರಡು ಸಲ ನೋಡುತ್ತಿದ್ದರು. ನೋಡುತ್ತಲೇ ಇತ್ತು.

ಪೆಟ್ಟಿಗೆಗೆ ಮಲಗುವ ಕೋಣೆಯ ಅಲ್ಮಾರಿಯಲ್ಲಿ ಜಾಗವಾಯಿತು. ತೇವ ತಾಗದಂತೆ ಕೆಳಗೆ ಮರದ ಹಲಗೆ, ಅಲ್ಮಾರಿಗೆ ಬೀಗ, ಬೀಗದ ಕೈ ಭಾವನ ಜೇಬಲ್ಲಿ. ಇದೆಲ್ಲ ಸ್ಟೋರ್ಸಿನ ಕ್ರಮ. ಪರೀಕ್ಷೆಗೆಂದು ದಿನವೂ ಹೊರಗೆ ತಂದು ಊಟದ ಮೇಜಿನ ಮೇಲಿಡುತ್ತಿದ್ದರು. ಒಂದು ಸಲ ನನ್ನ ಮೊಣಕೈ ತಾಗಿ ಅದು ಕೆಳಗಿದ್ದ ದಿಂಬಿನ ರಾಶಿಯ ಮೇಲೆ ಬಿತ್ತು. ಭಾವ ನನ್ನನ್ನು ಬೈಯಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡರು.

ಪರದೆಯ ಪರೀಕ್ಷೆಯೇ ತೊಡಕಿನದಾಯಿತು. ಒಳಗಿರುವ ಪರದೆಯನ್ನು ಹೊರಗಿನಿಂದ ಪರೀಕ್ಷಿಸುವುದು ಹೇಗೆ? ಭಾವ ಒಂದು ಸಂಜೆ ಯೋಚಿಸಿದರು. ಪೆಟ್ಟಿಗೆಯ ಮೇಲೆ ಪರದೆಯ ಉದ್ದಗಲ ಅಚ್ಚಾಗಿತ್ತು. ಅದೇ ಅಳತೆಗೆ ಒಂದು ರಟ್ಟು ಕತ್ತರಿಸಿ, ಅದನ್ನು ನೀರಿನ ಹೂಜಿಗೆ ಒರಗಿಸಿ ನಿಲ್ಲಿಸಿದರು.

“ದಿನಾ ಸಂಜೆ ಅರ್ಧ ಗಂಟೆ ಇದರ ಮುಂದೆ ಕೂತ್ಕೊ. ಕಣ್ಣು ನೋಯುತ್ತಾ, ಕತ್ತು ನೋಯುತ್ತಾ, ಎಲ್ಲಾ ನನಗೆ ಹೇಳು” ಎಂದರು ಅಕ್ಕನಿಗೆ.

“ರಟ್ಟಿನ ಮುಂದೆ ಕೂರ್ಬೇಕಾ?”

“ಪರದೆ ಮುಂದೆ. ಅಳತೆ ಒಂದೇ.”

ಮೊದಲ ದಿನ ಅಕ್ಕ ಮುಖ ಊದಿಸಿಕೊಂಡು ಕೂತಳು. ಎರಡನೇ ದಿನ ಅದೇ ರಟ್ಟನ್ನು ದಿಟ್ಟಿಸುತ್ತ ಅರ್ಧ ಗಂಟೆಯ ಬದಲು ಎರಡು ಗಂಟೆ ಕೂತಳು. ಮೂರನೇ ದಿನ ನನ್ನನ್ನು ಕರೆದು ಬಣ್ಣದ ಕಾಗದ ತರಲು ಹೇಳಿದಳು. ಯಾವ ಬಣ್ಣ ಎಂದರೆ ಸಿಕ್ಕಿದ ಬಣ್ಣವೆಲ್ಲ ಎಂದಳು. ಜೊತೆಗೆ ಅಂಟು. ಆಮೇಲಿಂದ ಸಂಜೆಯಾದರೆ ರಟ್ಟು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ಕತ್ತರಿಯ ಸದ್ದು ಬರುತ್ತಿತ್ತು.

“ಅಕ್ಕ, ಏನ್ ಮಾಡ್ತಿದ್ದೀಯ?” ಎಂದು ಹೊರಗಿನಿಂದಲೇ ಕೇಳಿದೆ.

“ಪರದೆ ಪರೀಕ್ಷೆ.”

ನನಗೆ ನಿಜವಾಗಿಯೂ ಭಯವಾಯಿತು. ಕಡೆಯ ಶನಿವಾರ ಹತ್ತಿರ ಬರುತ್ತಿದೆ, ಹಳೆಯ ಯಂತ್ರ ಕೈಬಿಟ್ಟಾಗಿದೆ, ಹೊಸದಕ್ಕೆ ಬೀಗ ಬಿದ್ದಿದೆ. ಅವಳ ತಲೆ ಕೆಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ ಎಂದುಕೊಂಡೆ.

ಆರನೇ ದಿನ ಭಾವ ಮಧ್ಯಂತರ ವರದಿ ಸಿದ್ಧಪಡಿಸಿದರು. ಕಾರ್ಖಾನೆಯ ಹೆಸರಿದ್ದ ಮುದ್ರಿತ ನಮೂನೆ, ನಡುವೆ ಕಾರ್ಬನ್ ಇಟ್ಟು ಮೂರು ಪ್ರತಿ. ಒಂದು ಕಡತಕ್ಕೆ, ಒಂದು ಬಳಸುವ ವಿಭಾಗಕ್ಕೆ, ಒಂದು ಸೂಚನಾಫಲಕಕ್ಕೆ. ನಮ್ಮ ಮನೆಯಲ್ಲಿ ಬಳಸುವ ವಿಭಾಗವೆಂದರೆ ಅಕ್ಕ. ಸೂಚನಾಫಲಕ ಕಟ್ಟಡದ ಮೆಟ್ಟಿಲ ಬಳಿ ಇದೆ. ನೀರು ಬಾರದ ದಿನಗಳನ್ನು ಅಲ್ಲಿ ಹಾಕುತ್ತಾರೆ. ಭಾವ ಅದರ ಪಕ್ಕದಲ್ಲಿ ಇದನ್ನು ಅಂಟಿಸಿದರು:

‘ಹದಿನೆಂಟು ಇಂಚಿನ ಬಿಸಿನೆಸ್ ಲ್ಯಾಪ್‌ಟಾಪು. ತೂಕ: ನಮೂದಿಸಿದಷ್ಟೇ ಇದೆ. ಶಬ್ದ: ಹತ್ತು ನಿಮಿಷ ಕಿವಿಯಿಟ್ಟು ಕೇಳಲಾಯಿತು, ಇಲ್ಲ. ಬಿಸಿ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮುಟ್ಟಿ ನೋಡಲಾಯಿತು, ತಣ್ಣಗಿದೆ. ಬ್ಯಾಟರಿ: ಆರು ದಿನವಾದರೂ ಚಾರ್ಜ್ ಮಾಡುವ ಪ್ರಮೇಯ ಬಂದಿಲ್ಲ. ಗಟ್ಟಿತನ: ಒಮ್ಮೆ ಮೇಜಿನಿಂದ ಬಿತ್ತು, ಯಾವ ವ್ಯತ್ಯಾಸವೂ ಕಂಡುಬಂದಿಲ್ಲ. ಅರ್ಧಕ್ಕೆ ನಿಂತದ್ದು: ಒಮ್ಮೆಯೂ ಇಲ್ಲ. ಪರದೆ: ಬಳಸುವವರಿಗೆ ಕಣ್ಣು ನೋವಿಲ್ಲ. ಪರಿಶೀಲಿಸಲಾಗಿದೆ, ಸರಿಯಿದೆ.’

ಕೆಳಗೆ ಸಹಿ, ಮೊಹರು, ತಾರೀಖು. ಬಳಸಿದವರ ಅಭಿಪ್ರಾಯ ಎಂಬ ಕೊನೆಯ ಸಾಲು ಮಾತ್ರ ಖಾಲಿ. ಕಾರ್ಖಾನೆಯಲ್ಲೂ ಅದನ್ನು ಯಾರೂ ತುಂಬುವುದಿಲ್ಲವಂತೆ.

ಇದನ್ನು ಮೊದಲು ಓದಿದವರು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಅವರಿಗೆ ಅಂಟಿಸಿದ ಕಾಗದವನ್ನು ಓದದೆ ಮುಂದೆ ಹೋಗುವುದು ಆಗುವುದಿಲ್ಲ. ಓದಿ ಮುಗಿಸಿ ಮೇಲೆ ಹತ್ತಿ ಬಂದರು.

“ಏನ್ರೀ ಇದು, ಆರು ದಿನ ಚಾರ್ಜೇ ಮಾಡಿಲ್ವಾ?”

“ಇವತ್ತಿಗೆ ಏಳು” ಎಂದರು ಭಾವ.

“ಕೆಲಸದಲ್ಲಿದೆಯಾ ಈಗ?”

“ಪರೀಕ್ಷೆಯಲ್ಲಿದೆ.”

“ಸದ್ದೇ ಇಲ್ಲ ಅಂತ ಬರೆದಿದ್ದೀರಿ.”

ಭಾವ ಮಲಗುವ ಕೋಣೆಯ ಕಡೆ ಕೈ ತೋರಿಸಿದರು. “ಈಗ್ಲೂ ಒಳಗಿದೆ. ನೀವೇ ಕೇಳಿ.”

ಪೋಸ್ಟ್‌ಮಾಸ್ಟರು ಕಿವಿ ನಿಮಿರಿಸಿ ಒಂದು ನಿಮಿಷ ನಿಂತರು. ಏನೂ ಕೇಳಿಸಲಿಲ್ಲ. ಅವರ ಮುಖದಲ್ಲಿ ಭಕ್ತಿ ಮೂಡಿದ್ದನ್ನು ನಾನೇ ಕಂಡೆ. ಅವರು ಕೆಳಗಿಳಿಯುವಷ್ಟರಲ್ಲಿ ಮೂರು ಮನೆಗೆ ಸುದ್ದಿ ಮುಟ್ಟಿತು.

ಎರಡನೇ ಮಹಡಿಯಲ್ಲಿ ಒಬ್ಬ ಆಡಿಟರಮ್ಮ ಇದ್ದಾರೆ. ಅವರ ಬಳಿ ಅದೇ ಅಂಗಡಿಯಿಂದ ತಂದ ಅದೇ ಲ್ಯಾಪ್‌ಟಾಪು ಇತ್ತು. ಅದು ಎಲ್ಲ ಲ್ಯಾಪ್‌ಟಾಪುಗಳಂತೆ ಬಿಸಿಯಾಗುತ್ತಿತ್ತು, ಗುರುಗುಡುತ್ತಿತ್ತು, ಸಂಜೆಯೊಳಗೆ ಚಾರ್ಜು ಕೇಳುತ್ತಿತ್ತು. ಅಲ್ಲಿಯವರೆಗೆ ಅವರಿಗೆ ಅದು ದೋಷವೆನಿಸಿರಲಿಲ್ಲ. ವರದಿ ಓದಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಫಲಕದಿಂದ ಕಾಗದ ಕಿತ್ತುಕೊಂಡು, ಯಂತ್ರ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ನಡೆದರು.

“ಕೆಳಗಿನ ಮನೆಯವರಿಗೆ ಒಳ್ಳೇದು, ನನಗೆ ಕಳಪೆದು. ಯಾಕೆ?”

ಮ್ಯಾನೇಜರು ಕಾಗದ ಓದಿದರು. ಮುದ್ರಿತ ನಮೂನೆ, ಸಹಿ, ಮೊಹರು, ದೊಡ್ಡ ಕಾರ್ಖಾನೆಯ ಹೆಸರು. ಮೊದಲು ತಲೆ ಕೆರೆದುಕೊಂಡರು. ಆಮೇಲೆ ಅವರ ವ್ಯಾಪಾರದ ಬುದ್ಧಿ ಎದ್ದು ಕೂತಿತು. ಆಡಿಟರಮ್ಮನಿಗೆ ಏನೇನೋ ಸಮಾಧಾನ ಹೇಳಿ ಕಳಿಸಿ, ಕಾಗದದ ಜೆರಾಕ್ಸ್ ಮಾಡಿಸಿ ಒಂದನ್ನು ಅಂಗಡಿಯ ಗಾಜಿಗೆ ಅಂಟಿಸಿದರು. ಇನ್ನೊಂದನ್ನು ಅದೇ ಕಾರ್ಖಾನೆಯ ಖರೀದಿ ವಿಭಾಗಕ್ಕೆ ಕಳಿಸಿದರು. ನಿಮ್ಮವರೇ ಪರೀಕ್ಷೆ ಮಾಡಿ ಒಪ್ಪಿದ್ದಾರೆ, ಎಷ್ಟು ಬೇಕು ತಿಳಿಸಿ ಎಂದು ಜೊತೆಗೊಂದು ಪತ್ರ ಬೇರೆ.

ಖರೀದಿ ವಿಭಾಗದ ಸಾಹೇಬರು ಭಾವನ ಸಹಿ ನೋಡಿದರು. ಇಪ್ಪತ್ತೆರಡು ವರ್ಷ ತಪ್ಪದ ಸಹಿ. ನಕ್ಷೆ ಬರೆಯುವ ವಿಭಾಗಕ್ಕೆ ಹನ್ನೆರಡು ಬೇಕು ಎಂದು ಅಲ್ಲೇ ಬರೆದುಕೊಂಡು ಭಾವನನ್ನು ಕರೆಸಿದರು.

ಆ ಸಂಜೆ ಭಾವ ಎದೆ ಉಬ್ಬಿಸಿಕೊಂಡು ಮನೆಗೆ ಬಂದರು. ನನಗೆ ತಡೆಯಲಾಗಲಿಲ್ಲ.

“ಭಾವ, ಪೆಟ್ಟಿಗೆ ಬಿಚ್ಚಿಲ್ಲ ಅಂತ ಅವರಿಗೆ ಹೇಳಿದ್ರಾ?”

“ಅವರು ಕೇಳಿದ್ದು ಪರಿಶೀಲಿಸಿದ್ದೀರಾ ಅಂತ. ಪರಿಶೀಲಿಸಿದ್ದೀನಿ.”

“ಅವರು ಬಿಚ್ಚಿ ನೋಡಿದ್ದೀರಿ ಅಂದ್ಕೊಂಡಿರ್ತಾರೆ.”

ಭಾವ ನನ್ನನ್ನು ಕನಿಕರದಿಂದ ನೋಡಿದರು. “ಸ್ಟೋರ್ಸ್‌ನವನು ಸೀಲ್ ಒಡೀತಾನೆ ಅಂತ ಯಾರಪ್ಪಾ ಅಂದ್ಕೊಳ್ತಾರೆ?”

ನಮ್ಮ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷಿಸುವ ಅಕ್ಷರದ ಫಲಕದ ಕೊನೆಯ ಸಾಲು ಕಾಣದಿದ್ದರೂ ಕಾಣುತ್ತದೆ ಎನ್ನುವವರನ್ನು ದಿನಾ ನೋಡುತ್ತೇನೆ. ಅವರಿಗೆ ಮದ್ದಿದೆ. ಫಲಕದ ಹತ್ತಿರವೇ ಹೋಗದೆ, ಅದರ ಚೌಕಟ್ಟು ಗಟ್ಟಿಯಾಗಿದೆ ಎನ್ನುವವರನ್ನು ಏನು ಮಾಡುವುದು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹದಿನೈದನೇ ದಿನ ಶನಿವಾರ. ನಾನು ತಿಂಡಿ ತಿನ್ನುತ್ತಿದ್ದೆ. ಮೊದಲು ಬಂದವರು ಹೆಡ್ ಮೇಡಂ. ಶಾಲೆಗೆ ಹೋಗುವ ದಾರಿಯಲ್ಲೇ ಟೈಮ್‌ಟೇಬಲ್ ತೆಗೆದುಕೊಂಡು, ಊರೆಲ್ಲ ಹೊಗಳುವ ದೊಡ್ಡ ಪರದೆಯನ್ನೂ ನೋಡಿ ಹೋಗೋಣವೆಂದು ಬಂದಿದ್ದರು. ಅವರು ಕೂರುವಷ್ಟರಲ್ಲಿ ಆಡಿಟರಮ್ಮ ತಮ್ಮ ಯಂತ್ರದ ಸಮೇತ ಇಳಿದರು. ಅವರ ಹಿಂದೆ ಅಂಗಡಿಯ ಮ್ಯಾನೇಜರು. ಅವರ ಮುಖ ಸೋತಿತ್ತು.

“ಸಾರ್, ಒಂದ್ಸಲ ಆ ಮೆಷಿನ್ ತೋರಿಸಿಬಿಡಿ. ಗಾಜಿಗೆ ಅಂಟಿಸಿದ್ದೇ ತಪ್ಪಾಯ್ತು. ಐದು ಜನ ವಾಪಸ್ ತಂದಿದ್ದಾರೆ. ಎಲ್ಲರಿಗೂ ನಿಮ್ಮ ಥರ ಸದ್ದಿಲ್ಲದ್ದೇ ಬೇಕಂತೆ.”

ಅಷ್ಟರಲ್ಲಿ ಕೆಳಗೆ ಕಾರು ನಿಂತಿತು. ಖರೀದಿ ಸಾಹೇಬರು ಆರ್ಡರಿಗೆ ಸಹಿ ಹಾಕುವ ಮೊದಲು ಕಣ್ಣಾರೆ ನೋಡಲು ಬಂದಿದ್ದರು. ಅವರಿಗೆ ಮನೆ ತೋರಿಸಿಕೊಂಡು ಬಂದ ಪೋಸ್ಟ್‌ಮಾಸ್ಟರು ತಾವೂ ಒಂದು ಕುರ್ಚಿ ಹಿಡಿದು ಕೂತರು.

ಭಾವ ಜೇಬಿನಿಂದ ಬೀಗದ ಕೈ ತೆಗೆದರು. ಒಳಗೆ ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ, ಬಾಣ ಮೇಲಾಗಿ, ಹೊತ್ತು ತಂದು ಮೇಜಿನ ನಡುವೆ ಇಟ್ಟರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡು ನಿಂತರು.

ಎಲ್ಲರೂ ಕಾದರು.

“ತೆಗೀರಿ” ಎಂದರು ಸಾಹೇಬರು.

“ತೆಗೆದಿದ್ದೀನಿ ಸಾರ್. ಇದೇ.”

ಆಡಿಟರಮ್ಮ ಬಗ್ಗಿ ನೋಡಿದರು. “ಸೀಲೇ ಒಡೆದಿಲ್ಲ.”

“ಒಂದು ಗೀರೂ ಇಲ್ಲ ಮೇಡಂ” ಎಂದರು ಭಾವ ಹೆಮ್ಮೆಯಿಂದ.

ಮೊದಲು ಚೇತರಿಸಿಕೊಂಡವರು ಪೋಸ್ಟ್‌ಮಾಸ್ಟರು. ಮ್ಯಾನೇಜರ ಕೈಯಿಂದ ಜೆರಾಕ್ಸ್ ತೆಗೆದುಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. “ಶಬ್ದ ಇಲ್ಲ. ಹೌದು. ತಣ್ಣಗಿದೆ. ಹೌದು. ಅರ್ಧಕ್ಕೆ ನಿಂತಿಲ್ಲ. ಅದೂ ಹೌದು.” ತಲೆ ಎತ್ತಿ ಎಲ್ಲರನ್ನೂ ನೋಡಿದರು. “ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.”

ಸಾಹೇಬರ ಕಿವಿ ಕೆಂಪಾಯಿತು. “ನಾನು ಹನ್ನೆರಡಕ್ಕೆ ಆರ್ಡರ್ ಬರೆದಿದ್ದೀನಿ ಕಣ್ರೀ. ಬಿಚ್ಚಿ ನೋಡ್ಬಾರ್ದಾ?”

“ಸ್ಟೋರ್ಸ್‌ನವರು ಸೀಲ್ ಒಡೀಬಾರ್ದು ಅಂತ ಸುತ್ತೋಲೆ ಇದೆ ಸಾರ್. ಕೆಳಗೆ ನಿಮ್ಮದೇ ಸಹಿ.”

ಆಗ ಹೆಡ್ ಮೇಡಂ ನಿಧಾನವಾಗಿ ಅಕ್ಕನ ಕಡೆ ತಿರುಗಿದರು. ಅವರಿಗೆ ಲ್ಯಾಪ್‌ಟಾಪಿನ ಸದ್ದಾಗಲಿ ಬಿಸಿಯಾಗಲಿ ಬೇಕಿರಲಿಲ್ಲ.

“ಹಳೇದು ಕೊಟ್ಟುಬಿಟ್ಟಿದ್ದೀರಿ. ಹೊಸದು ಬಿಚ್ಚೇ ಇಲ್ಲ. ಸೋಮವಾರ ಶಾಲೆ ಶುರು. ಟೈಮ್‌ಟೇಬಲ್ ಎಲ್ಲಿ ಟೀಚರೇ?”

ಭಾವನ ಮುಖದ ಬಣ್ಣ ಇಳಿದದ್ದು ಆಗಲೇ. ಹದಿನೈದು ದಿನ ಪೆಟ್ಟಿಗೆಯ ಎಂಟು ಮೂಲೆ ಸವರಿದ ಮನುಷ್ಯನಿಗೆ ಹೆಂಡತಿಯ ಶನಿವಾರ ನೆನಪಾಗಿರಲಿಲ್ಲ. ಅವರು ಅಕ್ಕನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕಟ್ಟಿದ್ದ ಕೈ ಬಿಟ್ಟರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

“ತಪ್ಪು ನಂದು ಮೇಡಂ” ಎಂದರು. ಅವರ ದನಿ ಸಣ್ಣಗಾಗಿತ್ತು. “ಇವಳು ಮೊದಲನೇ ದಿನವೇ ಚಾಕು ತಂದಿದ್ಲು. ನಾನೇ ಬಿಡಲಿಲ್ಲ. ಹನ್ನೊಂದು ವರ್ಷ ಇವಳೇ ಮಾಡಿದ್ದಾಳೆ. ನನ್ನಿಂದ ಇವಳ ಕೈತಪ್ಪೋದು ಬೇಡ. ಎರಡು ದಿನ ಟೈಮ್ ಕೊಡಿ, ನಾನೇ ಕೂತು ಗೀಟು ಹಾಕ್ತೀನಿ.”

ಅಕ್ಕ ಎದ್ದು ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಆ ರಟ್ಟು ಇತ್ತು.

ರಟ್ಟಿನ ಒಂದಿಂಚೂ ಖಾಲಿ ಇರಲಿಲ್ಲ. ಮೇಲಿಂದ ಕೆಳಗೆ ಹನ್ನೆರಡು ತರಗತಿ, ಎಡದಿಂದ ಬಲಕ್ಕೆ ಪೀರಿಯಡ್ಡಿಗೊಂದರಂತೆ ಮೂವತ್ತು ಕಂಬ. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣದ ಚೀಟಿ. ಬಣ್ಣ ಮುಗಿದ ಮೇಲೆ ಚುಕ್ಕೆ, ಗೀಟು. ಒಂದೇ ಕಂಬದಲ್ಲಿ ಒಂದೇ ಬಣ್ಣ ಎರಡು ಸಲ ಬಂದರೆ ಆ ಮೇಷ್ಟ್ರು ಎರಡು ಕಡೆ ಬಿದ್ದರು ಎಂದರ್ಥ. ಅಷ್ಟನ್ನು ಅಕ್ಕ ವಿವರಿಸುವ ಮೊದಲೇ ನಮಗೆಲ್ಲ ತಿಳಿದುಹೋಯಿತು.

ಹೆಡ್ ಮೇಡಂ ಕನ್ನಡಕ ಏರಿಸಿದರು. ಅದು ನಾನೇ ಮಾರಿದ್ದು. ಸೋಮವಾರ, ಮಂಗಳವಾರ ಬೇಗ ದಾಟಿದರು. ಗುರುವಾರದಲ್ಲಿ ನಿಧಾನವಾದರು. ಶುಕ್ರವಾರದ ಕೊನೆಯ ಕಂಬಕ್ಕೆ ಬಂದು ಬೆರಳಿಟ್ಟು ಮೇಲಿಂದ ಕೆಳಗೆ ಎಳೆದರು. ನಾವೆಲ್ಲ ಬಾಗಿ ನೋಡುತ್ತಿದ್ದೆವು. ಸಾಹೇಬರೂ ಬಾಗಿದ್ದರು.

“ಚಿತ್ರಕಲೆ ಮೇಷ್ಟ್ರು ಯಾವ ಬಣ್ಣ?”

“ಕಿತ್ತಳೆ” ಎಂದಳು ಅಕ್ಕ.

ಮೇಡಂ ಮತ್ತೊಮ್ಮೆ ಬೆರಳೆಳೆದರು. ಕಿತ್ತಳೆ ಒಂದೇ ಒಂದು ಇತ್ತು.

“ಎರಡು ಬಾಗಿಲ ಮಧ್ಯೆ ನಿಲ್ಲೋದು ತಪ್ಪಿತು ಅವರಿಗೆ” ಎಂದು ಮೇಡಂ ಕನ್ನಡಕ ತೆಗೆದರು. “ಇದನ್ನ ಹೀಗೇ ನನ್ನ ರೂಮಿಗೆ ತಗೊಂಡು ಹೋಗ್ತೀನಿ. ಗೋಡೆಗೆ ಹಾಕಿಸ್ತೀನಿ. ಮುಂದಿನ ವರ್ಷವೂ ನೀವೇ ಮಾಡಿ ಟೀಚರೇ, ಮಾತಾಯ್ತು.”

ಅಕ್ಕ ತಲೆ ತಗ್ಗಿಸಿ ಮುಗುಳ್ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿದಳು. “ಎರಡನೇ ದಿನ ನಿಮ್ಮ ರಟ್ಟು ನೋಡ್ತಾ ನೋಡ್ತಾ ಹೊಳೀತು. ಇಡೀ ವಾರ ಇದರಲ್ಲೇ ಹಿಡಿಯುತ್ತಲ್ಲ ಅಂತ. ಆಮೇಲೆ ಪೆಟ್ಟಿಗೆ ಬಿಚ್ಚಿ ಅನ್ನೋಕೆ ಮನಸ್ಸೇ ಬರಲಿಲ್ಲ. ನೀವು ನಿಮ್ಮ ಪಾಡಿಗೆ ಖುಷಿಯಾಗಿದ್ರಿ, ನಾನು ನನ್ನ ಪಾಡಿಗೆ ಕೆಲಸ ಮಾಡ್ಕೊಂಡೆ.”

ಭಾವ ಇಂಗು ತಿಂದ ಮಂಗನಂತೆ ನಿಂತಿದ್ದರು. ಆದರೆ ಕಣ್ಣು ಮಾತ್ರ ಹೊಳೆಯುತ್ತಿತ್ತು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಮೇಡಂ, ಇವತ್ತು ಕೊನೇ ದಿನ. ಸೀಲ್ ಬೇರೆ ಹಾಗೇ ಇದೆ. ವಾಪಸ್ ಕೊಡ್ತೀರಾ?”

“ಇನ್ನು ಹದಿನಾಲ್ಕು ಮೇಷ್ಟರಿಗೂ ಅವರವರ ಪಟ್ಟಿ ಬೇರೆ ಟೈಪ್ ಮಾಡ್ಬೇಕು. ಅದನ್ನೂ ರಟ್ಟಿನಲ್ಲೇ ಮಾಡ್ಲಾ?” ಎಂದಳು ಅಕ್ಕ. “ರೀ, ನಿಮ್ಮ ಪರೀಕ್ಷೆ ಮುಗೀತಾ?”

“ಮುಗೀತು.”

“ಏನಂತೆ?”

“ಸರಿಯಿದೆ.”

“ಹಾಗಾದ್ರೆ ತರಿಸಿದ ವಿಭಾಗ ನಂದು. ಬಿಚ್ಚೋ ಹಕ್ಕೂ ನಂದು.” ಅವಳು ಅಡುಗೆಮನೆಯಿಂದ ಚಾಕು ತಂದಳು. ಪೆಟ್ಟಿಗೆಯ ಮುಂದೆ ಒಂದು ಕ್ಷಣ ನಿಂತು ಅದನ್ನು ಭಾವನ ಕೈಗೆ ಕೊಟ್ಟಳು. “ಇವತ್ತೊಂದು ದಿನ ನೀವೇ ಬಿಚ್ಚಿ.”

ಭಾವ ಸಾಹೇಬರ ಕಡೆ ನೋಡಿದರು. ಸಾಹೇಬರು ಕೈಯಾಡಿಸಿದರು. “ಬಿಚ್ಚಿ ಮಾರಾಯರೇ. ಇದು ನಿಮ್ಮ ಮನೆ.”

ಭಾವ ಸೀಲನ್ನು ಅಂಚಿನ ನೇರಕ್ಕೆ ಕತ್ತರಿಸಿದರು. ಮುಚ್ಚಳ ಎತ್ತಿದರು, ಮೇಲಿನ ಬಿಳಿ ಹಾಳೆ ಸರಿಸಿದರು. ಒಳಗೆ ನೋಡುತ್ತ ಹಾಗೇ ನಿಂತುಬಿಟ್ಟರು.

“ಏನಾಯ್ತ್ರೀ?” ಎಂದರು ಪೋಸ್ಟ್‌ಮಾಸ್ಟರು.

“ಇದೆ” ಎಂದರು ಭಾವ. ಸ್ವಲ್ಪ ತಡೆದು ಇನ್ನೊಮ್ಮೆ ಹೇಳಿದರು. “ಒಳಗೆ ಇದೆ.”

ಇಪ್ಪತ್ತೆರಡು ವರ್ಷ ಬರೆದುಕೊಟ್ಟ ಮಾತು ನಿಜವೆಂದು ಅವರಿಗೆ ಅವತ್ತು ಗೊತ್ತಾಯಿತು. ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ.

ಯಂತ್ರವನ್ನು ಹೊರತೆಗೆದು, ವಯರು ಸಿಕ್ಕಿಸಿ, ಅಕ್ಕ ಗುಂಡಿ ಒತ್ತಿದಳು. ಪರದೆ ಬೆಳಗಿತು. ಎಲ್ಲರೂ ಆಹಾ ಎನ್ನುವಷ್ಟರಲ್ಲಿ ಅದರ ಹೊಟ್ಟೆಯೊಳಗಿನ ಫ್ಯಾನು ಗುರ್ ಎಂದು ತಿರುಗತೊಡಗಿತು. ಆಡಿಟರಮ್ಮ ಮುಂದೆ ಬಂದು ಅದರ ಬೆನ್ನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಕಾದರು. ಅವರ ಮುಖ ಅರಳಿತು.

“ಬಿಸಿಯಾಗ್ತಿದೆ” ಎಂದರು ತೃಪ್ತಿಯಿಂದ. “ನಂದೂ ಥೇಟ್ ಹೀಗೇ.” ತಮ್ಮ ಯಂತ್ರವನ್ನು ಎದೆಗೆ ಒತ್ತಿಕೊಂಡು ಮೇಲೆ ಹತ್ತಿಹೋದರು. ಮ್ಯಾನೇಜರು ಭಾವನಿಗೆ ಕೈ ಮುಗಿದರು. ಅಂಗಡಿಗೆ ಹೋಗಿ ಮೊದಲು ಗಾಜು ಒರೆಸುತ್ತೇನೆ ಎಂದರು.

ಸಂಜೆ ಮೆಟ್ಟಿಲ ಬಳಿ ಹೊಸ ಕಾಗದ ಅಂಟಿತ್ತು. ನಾನು ನಿಂತು ಓದಿದೆ. ‘ಅಂತಿಮ ವರದಿ. ಶಬ್ದ: ಇದೆ. ಬಿಸಿ: ಇದೆ. ಬ್ಯಾಟರಿ: ವಯರು ತೆಗೆದಲ್ಲಿಂದ ನಾಲ್ಕು ಗಂಟೆ. ಗಟ್ಟಿತನ: ಮತ್ತೆ ಬೀಳಿಸಿ ನೋಡಿಲ್ಲ. ಪೆಟ್ಟಿಗೆ: ಜೋಪಾನವಾಗಿ ಎತ್ತಿಡಲಾಗಿದೆ. ಪರಿಶೀಲಿಸಲಾಗಿದೆ, ಒಳಗೂ ಸರಿಯಿದೆ.’

ಅದರ ಕೆಳಗೆ, ಬಳಸಿದವರ ಅಭಿಪ್ರಾಯ ಎಂಬ ಯಾರೂ ತುಂಬದ ಸಾಲಿನಲ್ಲಿ, ಅಕ್ಕನ ದುಂಡು ಅಕ್ಷರದಲ್ಲಿ ಎರಡು ಪದಗಳಿದ್ದವು: ‘ಶುಕ್ರವಾರ ಕಾಣುತ್ತದೆ.’